ಬೀರಪ್ಪನವರ ಎರಡನೇ ಬಾವಿ

ಪಂಚನಹಳ್ಳಿಯಲ್ಲಿ ಚಿಕ್ಕಬೀರಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಜನ ಮೂರು ದಿಕ್ಕಿಗೆ ಕೈ ತೋರಿಸುತ್ತಾರೆ. ಫೈರ್ ಬೀರಪ್ಪನವರ ಮನೆ ಎಂದರೆ ಮಾತ್ರ ಎಲ್ಲರ ಕೈಯೂ ಒಂದೇ ಕಡೆ ತಿರುಗುತ್ತದೆ. ಮೂವತ್ತೆರಡು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದು, ಲೀಡಿಂಗ್ ಫೈರ್‌ಮನ್ ಆಗಿ ನಿವೃತ್ತರಾದವರು ಅವರು. ಈಗ ಅರವತ್ತೇಳು ವರ್ಷ. ಬೆಳಿಗ್ಗೆ ಐದಕ್ಕೇ ಎದ್ದು ಕಪ್ಪು ಬೂಟಿಗೆ ಪಾಲಿಶ್ ಹಾಕುತ್ತಾರೆ. ಹಾಕಿದ ಬೂಟನ್ನು ಮತ್ತೆ ಜಗಲಿಯ ಮೇಲೆ ಜೋಡಿಸಿಟ್ಟು, ಹವಾಯಿ ಚಪ್ಪಲಿ ಮೆಟ್ಟಿಕೊಂಡು ತೆಂಗಿನ ತೋಟಕ್ಕೆ ಹೋಗುತ್ತಾರೆ.

ಆ ಬೂಟು ಕಾಲಿಗೇರುವುದು ವರ್ಷಕ್ಕೆ ಎರಡೇ ಸಲ, ಆಗಸ್ಟ್ ಹದಿನೈದಕ್ಕೆ ಮತ್ತು ಜನವರಿ ಇಪ್ಪತ್ತಾರಕ್ಕೆ. ಆ ಎರಡು ದಿನ ಸುತ್ತಲಿನ ಯಾವುದಾದರೊಂದು ಶಾಲೆಯವರು ಬೀರಪ್ಪನವರನ್ನು ಕರೆಸುತ್ತಾರೆ. ಅವರು ಮಕ್ಕಳಿಗೆ ಎಮ್ಮೆಯ ಕಥೆ ಹೇಳುತ್ತಾರೆ. ಪಾಳುಬಾವಿಗೆ ಬಿದ್ದ ಗಬ್ಬದ ಎಮ್ಮೆಯೊಂದನ್ನು ತಾವೊಬ್ಬರೇ ಕೆಳಗಿಳಿದು, ಹೊಟ್ಟೆಗೆ ನೋವಾಗದಂತೆ ಹಗ್ಗ ಬಿಗಿದು, ಮೇಲೆತ್ತಿಸಿದ ಕಥೆ. ಹೇಳಲು ಶುರುಮಾಡಿದ ವರ್ಷ ಆ ಬಾವಿ ಮೂವತ್ತು ಅಡಿ ಇತ್ತು. ನಿವೃತ್ತಿಯಾಗುವಷ್ಟರಲ್ಲಿ ಐವತ್ತಾಯಿತು. ಹೋದ ಜನವರಿಗೆ ಎಂಬತ್ತು ಮುಟ್ಟಿತ್ತು. ಬೋರ್‌ವೆಲ್‌ಗಳೆಲ್ಲ ವರ್ಷ ವರ್ಷ ಆಳಕ್ಕೆ ಹೋಗುತ್ತಿರುವ ಸೀಮೆಯಲ್ಲಿ ಒಂದು ಬಾವಿ ಆಳವಾದದ್ದು ಯಾರಿಗೂ ವಿಶೇಷವೆನಿಸಲಿಲ್ಲ.

ಹೆಂಡತಿ ಮಾರಮ್ಮನಿಗೆ ಮಾತ್ರ ತಡೆಯುತ್ತಿರಲಿಲ್ಲ. "ಮೇಲೆ ಬಂದ ಎಮ್ಮೆ ಇವ್ರ ಕಡೆ ತಿರುಗಿ ನೋಡ್ತಂತೆ, ಕಣ್ಣಲ್ಲಿ ನೀರಂತೆ! ಅದು ತಿರುಗಿದ್ದು ಒದೆಯೋಕೆ ಕಣ್ರೀ. ತೊಡೆ ಊದ್ಕೊಂಡು ಎಂಟು ದಿನ ನಾನು ಬಿಸಿನೀರು ಶಾಖ ಕೊಟ್ಟಿದೀನಿ. ಅದನ್ನ ಯಾಕೆ ಹೇಳಲ್ಲ?" ಎಂದು ಮನೆಗೆ ಬಂದವರ ಮುಂದೆಯೇ ಕೇಳುತ್ತಿದ್ದಳು.

"ಮಕ್ಕಳ ಮುಂದೆ ಅದೆಲ್ಲ ಚೆನ್ನಾಗಿರಲ್ಲ ಕಣೇ" ಎನ್ನುತ್ತಿದ್ದರು ಬೀರಪ್ಪನವರು.

ಹೀಗೆ ಎಮ್ಮೆಯ ಹೆಸರಿನಲ್ಲಿ ಹನ್ನೊಂದು ವರ್ಷ ಚೆನ್ನಾಗಿಯೇ ಕಳೆದಿತ್ತು. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಂಪುರದಿಂದ ಓಂಕಾರಮೂರ್ತಿಗಳು ಸ್ಕೂಟರ್‌ನಲ್ಲಿ ಬಂದರು.

ಓಂಕಾರಮೂರ್ತಿ ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ಹಿಂತಿರುಗಿದವರು. ಗಡಿಯಲ್ಲಿದ್ದದ್ದು ನಿಜ. ಆದರೆ ಅಲ್ಲಿ ಅವರ ಕೆಲಸ ಉಗ್ರಾಣದ್ದು. ಚೀಟಿ ನೋಡಿ ಕಂಬಳಿ, ಕೋಟು, ಕಾಲುಚೀಲ ಕೊಡುವುದು. ಊರಿಗೆ ಬಂದ ಹೊಸದರಲ್ಲಿ "ಎಷ್ಟು ಜನರನ್ನ ಹೊಡೆದ್ರಿ?" ಎಂದು ಕೇಳಿದವರಿಗೆಲ್ಲ "ನಾನು ಕಂಬಳಿ ಕೊಡ್ತಿದ್ದೆ" ಎಂದು ನಿಜವನ್ನೇ ಹೇಳುತ್ತಿದ್ದರು. ಕೇಳಿದವರು ಅವರ ವಿನಯವನ್ನು ಮೆಚ್ಚಿ, ಸಂಖ್ಯೆಯನ್ನು ತಾವೇ ಊಹಿಸಿಕೊಂಡು ಹೋಗುತ್ತಿದ್ದರು. ಕೊನೆಗೆ ಅವರು ಹೇಳುವುದನ್ನೇ ಬಿಟ್ಟರು.

ಅಂಥವರು ಈಗ ಒಂದು ಕೆಲಸ ಹಿಡಿದಿದ್ದರು. ಯಾವುದೋ ಶಿಬಿರಕ್ಕೆ ಹೋಗಿದ್ದಾಗ ಮನೋವೈದ್ಯರೊಬ್ಬರ ಭಾಷಣ ಕೇಳಿ ಬಂದಿದ್ದರು. ಯುದ್ಧ, ಬೆಂಕಿ, ಪ್ರವಾಹ, ಅಪಘಾತ ನೋಡಿದವರು ಅದನ್ನು ಒಳಗೇ ಇಟ್ಟುಕೊಂಡರೆ ಮನಸ್ಸು ಹುಣ್ಣಾಗುತ್ತದೆ, ಹೇಳಿಕೊಂಡರೆ ಮಾಯುತ್ತದೆ ಎಂದು ಆ ವೈದ್ಯರು ಹೇಳಿದ್ದರಂತೆ. ಅದಕ್ಕೇ 'ಯೋಧರ ಮತ್ತು ರಕ್ಷಕರ ನೆನಪಿನ ಭಂಡಾರ' ಎಂಬ ಸಮಿತಿ ಹುಟ್ಟಿತು. ಮೂರು ತಾಲ್ಲೂಕಿನ ಮಾಜಿ ಸೈನಿಕರು, ಅಗ್ನಿಶಾಮಕರು, ಆಂಬುಲೆನ್ಸ್ ಚಾಲಕರು ಎಲ್ಲರ ಅನುಭವವನ್ನೂ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಉಳಿಸುವುದು ಅದರ ಉದ್ದೇಶ. ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಅದರಲ್ಲಿ ಸವಾಲಿಗೆ ನಾಲ್ಕು, ಸಾಹಸಕ್ಕೆ ನಾಲ್ಕು, ಯುವಜನರಿಗೆ ಸಂದೇಶಕ್ಕೆ ನಾಲ್ಕು.

ಬೀರಪ್ಪನವರು ಎಮ್ಮೆಯ ಕಥೆಯನ್ನು ಹನ್ನೊಂದೂವರೆ ನಿಮಿಷದಲ್ಲಿ, ಒಂದೇ ಸಲಕ್ಕೆ, ಎಲ್ಲೂ ತಡವರಿಸದೆ ಹೇಳಿ ಮುಗಿಸಿದರು. ಓಂಕಾರಮೂರ್ತಿಗಳ ಮುಖ ಇಷ್ಟಗಲವಾಯಿತು.

"ಇಷ್ಟು ಸಲೀಸಾಗಿ ಯಾರೂ ಹೇಳಿರ್ಲಿಲ್ಲ ಬೀರಪ್ಪಣ್ಣ. ಕೆಲವ್ರು ಮಧ್ಯದಲ್ಲೇ ಅತ್ತುಬಿಡ್ತಾರೆ. ಹನ್ನೆರಡು ನಿಮಿಷದಲ್ಲಿ ಐದು ನಿಮಿಷ ಅಳುವೇ ಆಗೋಗುತ್ತೆ" ಎಂದು ಮೊಬೈಲ್ ಜೇಬಿಗಿಟ್ಟುಕೊಂಡರು. ಆಮೇಲೆ ಮಾರಮ್ಮ ಕೊಟ್ಟ ಕಾಫಿ ಕುಡಿಯುತ್ತ, "ಮುಂದಿನ ತಿಂಗಳು ಅಜ್ಜಂಪುರದಲ್ಲಿ ಕಾರ್ಯಕ್ರಮ ಇಟ್ಟಿದೀವಿ. ಮುಖ್ಯವಾದ ಸನ್ಮಾನ ನಿಮ್ಮ ಜೊತೇಲಿದ್ದ ವಿಶ್ವಾರಾಧ್ಯನ ಹೆಂಡ್ತಿಗೆ. ಆದೇಶಕ್ಕೂ ಕಾಯದೆ ಬಾವಿಗೆ ಹಾರಿದ ವೀರ! ಅವತ್ತು ಅಲ್ಲಿದ್ದೋರು ನೀವು. ನೀವೇ ಎರಡು ಮಾತಾಡಿ ಆಯಮ್ಮನಿಗೆ ಸ್ಮರಣಿಕೆ ಕೊಡ್ಬೇಕು" ಎಂದರು.

ಬೀರಪ್ಪನವರು ಲೋಟ ಕೆಳಗಿಟ್ಟು, "ಬೇರೆಯವರು ಯಾರೂ ಇಲ್ವಾ?" ಎಂದು ಕೇಳಿದರು.

"ನಿಮ್ಮಷ್ಟು ಚೆನ್ನಾಗಿ ಮಾತಾಡೋರು ಯಾರಿದಾರೆ?"

ಬೀರಪ್ಪನವರು ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡರು.

ಹನ್ನೆರಡು ವರ್ಷದ ಹಿಂದಿನ ಮಾತು. ಅಜ್ಜಂಪುರದ ಕಡೆ ಒಂದು ಈರುಳ್ಳಿ ಹೊಲ. ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತ್ತು. ಮೇಲಿನಿಂದ ಎಳೆಯಲು ಆಗದೆ, ಹೊಲದವರು ಡೀಸೆಲ್ ಇಂಜಿನ್ನನ್ನೇ ಬಾವಿಯೊಳಗೆ ಇಳಿಸಿ, ನೀರಿನ ಹತ್ತಿರದ ಬಂಡೆಯ ಮೇಲೆ ಕೂರಿಸಿದ್ದರು. ಎರಡು ಗಂಟೆ ಓಡಿದ ಇಂಜಿನ್ನನ್ನು ನಿಲ್ಲಿಸಲು ಕೆಳಗಿಳಿದ ಕೂಲಿಯಾಳು ರಂಗಪ್ಪ ಅಲ್ಲೇ ಕುಸಿದ. ಅಗ್ನಿಶಾಮಕ ಠಾಣೆಗೆ ಫೋನು ಬಂತು. ಅಧಿಕಾರಿ ರಜೆಯಲ್ಲಿದ್ದರು. ಗಾಡಿಯ ಜವಾಬ್ದಾರಿ ಬೀರಪ್ಪನವರದು. ಬೆನ್ನಿಗೆ ಕಟ್ಟಿಕೊಂಡು ಇಳಿಯುವ ಉಸಿರಾಟದ ಸಿಲಿಂಡರು ಇನ್ನೊಂದು ಕರೆಗೆ ಹೋದ ಗಾಡಿಯಲ್ಲಿತ್ತು.

ಬೀರಪ್ಪನವರ ಅಪ್ಪ ಬಾವಿ ತೋಡುತ್ತಿದ್ದವರು. ಇಳಿಯುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಕೆಳಗೆ ಬಿಡುವುದು ಅವರ ಪದ್ಧತಿ. ದೀಪ ಆರಿದರೆ ಕೆಳಗೆ ಗಾಳಿ ಇಲ್ಲ, ಇಳಿಯಬಾರದು. ಉರಿದರೆ ಇಳಿಯಬಹುದು. ಆ ಪದ್ಧತಿಯಿಂದಲೇ ಅಪ್ಪ ಎಪ್ಪತ್ತೆಂಟು ವರ್ಷ ಬದುಕಿ ಮಂಚದ ಮೇಲೆ ಸತ್ತರು. ಬೀರಪ್ಪನವರೂ ಅದೇ ಪದ್ಧತಿಯಿಂದ ಹತ್ತಾರು ಬಾವಿ ಇಳಿದು ಹತ್ತಿದ್ದರು. ಇಂಜಿನ್ನಿನ ಹೊಗೆಯ ವಿಷ ಬೇರೆ ಜಾತಿಯದು, ಅದಕ್ಕೆ ದೀಪ ಆರುವುದಿಲ್ಲ, ಮನುಷ್ಯ ಮಾತ್ರ ಆರಿಹೋಗುತ್ತಾನೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬೀರಪ್ಪನವರು ಅದನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡೂ ಇದ್ದರು. ಆದರೆ ಬಾವಿಯ ದಡದಲ್ಲಿ ನಿಂತಾಗ ಯಾರಿಗೂ ನೋಟ್‌ಬುಕ್ಕು ನೆನಪಾಗುವುದಿಲ್ಲ. ಅಪ್ಪ ನೆನಪಾಗುತ್ತಾನೆ.

ಲಾಟೀನು ಕೆಳಗೆ ಹೋಯಿತು. ಚೆನ್ನಾಗಿ ಉರಿಯಿತು.

ವಿಶ್ವಾರಾಧ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತ, "ಅಣ್ಣ, ಇಂಜಿನ್ ಹೊಗೆ ವಾಸನೆ ಬತ್ತಿದೆ. ಸ್ವಲ್ಪ ಕಾಯೋಣ್ವಾ?" ಎಂದ. ಲಿಂಗದಹಳ್ಳಿಯವನು. ಮೂವತ್ತೊಂದು ವರ್ಷ. ಯಾವುದನ್ನೂ ಎರಡು ಸಲ ಕೇಳದೆ ಮಾಡಿದವನಲ್ಲ.

"ದೀಪ ಉರೀತಿದೆಯಲ್ಲೋ" ಎಂದರು ಬೀರಪ್ಪನವರು.

ಅವನು ದಡದ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟ. ಮತ್ತೆ ತಿರುಗಿ, "ಹಂಗಾದ್ರೆ ಇಳೀಲಾ ಅಣ್ಣ?" ಎಂದು ಕೇಳಿದ.

"ಇಳಿಯೋ ಮಾರಾಯ, ಅವನು ಸಾಯ್ತಾನೆ ಅಲ್ಲಿ!"

ಇಳಿದ. ತನ್ನ ಹಗ್ಗ ಬಿಚ್ಚಿ ರಂಗಪ್ಪನಿಗೆ ಕಟ್ಟಿದ. ಎಳೆಯಿರಿ ಎಂದು ಕೈ ಮಾಡಿದ. ರಂಗಪ್ಪ ಮೇಲೆ ಬಂದ, ಬದುಕಿದ, ಈಗಲೂ ಇದ್ದಾನೆ. ಖಾಲಿ ಹಗ್ಗ ಮತ್ತೆ ಕೆಳಗೆ ಬಿಡುವಷ್ಟರಲ್ಲಿ ವಿಶ್ವಾರಾಧ್ಯ ಬಂಡೆಗೆ ಒರಗಿ ಕೂತುಬಿಟ್ಟಿದ್ದ. ಹಗ್ಗ ಅವನ ತೊಡೆಯ ಮೇಲೆ ಬಿತ್ತು. ಹಿಡಿದುಕೊಳ್ಳಲಿಲ್ಲ. ಪಕ್ಕದಲ್ಲಿ ಲಾಟೀನು ಉರಿಯುತ್ತಲೇ ಇತ್ತು.

ಆ ಎರಡು ಪ್ರಶ್ನೆ ಕೇಳಿಸಿಕೊಂಡವರು ಬೇರೆ ಯಾರೂ ಇರಲಿಲ್ಲ. ದಳದ ಉಳಿದಿಬ್ಬರಲ್ಲಿ ಒಬ್ಬರು ಜನರನ್ನು ಹಿಂದೆ ತಳ್ಳುತ್ತಿದ್ದರು, ಇನ್ನೊಬ್ಬರು ಗಾಡಿಯ ಹತ್ತಿರ ಹಗ್ಗದ ತುದಿ ಕಟ್ಟುತ್ತಿದ್ದರು. ಸಂಜೆ ಠಾಣೆಯಲ್ಲಿ ವರದಿ ಬರೆಯಬೇಕಾಯಿತು. ಬೀರಪ್ಪನವರ ಕೈ ಒಂದು ಸಾಲು ಬರೆಯಿತು: 'ಸದರಿ ಸಿಬ್ಬಂದಿಯು ಮೇಲಿನವರ ಆದೇಶಕ್ಕೆ ಕಾಯದೆ ಬಾವಿಗೆ ಇಳಿದಿರುತ್ತಾರೆ.' ಬರೆದಾದ ಮೇಲೆ ಓದಿಕೊಂಡರು. ಹರಿದುಹಾಕಲಿಲ್ಲ. ಸಹಿ ಹಾಕಿದರು.

ಸತ್ತವನ ಮೇಲೆ ತಪ್ಪು ಹೊರಿಸಿದ ಸಾಲು ಅದು. ಆದರೆ ಅದರ ಹಣೆಬರಹ ಬೇರೆಯೇ ಇತ್ತು. ಹದಿನೈದು ದಿನದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಯಾರೋ ಭಾಷಣಕಾರರು ವರದಿಯನ್ನು ಓದಿ, "ನೋಡಿ, ಆದೇಶಕ್ಕೂ ಕಾಯಲಿಲ್ಲ ಈ ವೀರ!" ಎಂದು ಗದ್ಗದರಾದರು. ಸಭೆ ಎದ್ದು ನಿಂತಿತು. ಅಲ್ಲಿಂದಾಚೆ ಆ ಸಾಲು ಫಲಕದ ಮೇಲೆ ಬಂತು, ಪತ್ರಿಕೆಯಲ್ಲಿ ಬಂತು, ಲಿಂಗದಹಳ್ಳಿಯ ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಬಂತು. ತಾವು ಹೇಡಿತನದಿಂದ ಬರೆದ ಒಂದು ಸುಳ್ಳಿಗೆ ಊರೂರಲ್ಲಿ ಹಾರ ಬೀಳುವುದನ್ನು ಬೀರಪ್ಪನವರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದರು. ಮುಂದಿನ ವರ್ಷ ಒಂದು ಶಾಲೆಯವರು ಅನುಭವ ಹೇಳಿ ಎಂದು ಕರೆದಾಗ, ವಿಶ್ವಾರಾಧ್ಯನ ಮಾತು ಬಾರದಿರಲಿ ಎಂದು ಹಳೆಯ ಎಮ್ಮೆಯೊಂದನ್ನು ಹುಡುಕಿ ತೆಗೆದರು.

ಓಂಕಾರಮೂರ್ತಿಗಳ ಸ್ಕೂಟರ್ ಹೋದ ಮೇಲೆ ಬೀರಪ್ಪನವರು ಜಗಲಿಯಲ್ಲೇ ಕೂತಿದ್ದರು. ಮಾರಮ್ಮ ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅವಳ ಮುಖ ನೋಡದೆ, ಮೊರವನ್ನೇ ನೋಡುತ್ತ, ಎಲ್ಲವನ್ನೂ ಹೇಳಿದರು. ಅವಳ ಕೈ ನಿಲ್ಲಲಿಲ್ಲ. ಬಹಳ ಹೊತ್ತು ಕಲ್ಲು ಆರಿಸಿದಳು. ಒಂದೇ ಜಾಗದ ಹುರುಳಿಯನ್ನು ಎರಡೆರಡು ಸಲ ಸರಿಸಿದಳು.

"ಹನ್ನೆರಡು ವರ್ಷ ನನಗೂ ಎಮ್ಮೆ ಕಥೆ ಹೇಳಿದ್ರಲ್ಲ" ಎಂದಳು ಕೊನೆಗೆ.

"ಏನು ಮಾಡ್ಲಿ ಈಗ?"

"ನನ್ನ ಕೇಳ್ತೀರಾ? ಆಯಮ್ಮನಿಗೆ ಹೇಳಿ. ಫೋನಿಗೆ ಹೇಳಿದ್ರೆ ಫೋನಿಗೆ ಏನಾಗ್ಬೇಕು?"

ಆದರೂ ಬೀರಪ್ಪನವರು ಮೊದಲು ಹೋದದ್ದು ಫೋನಿನ ಹತ್ತಿರವೇ. ಹೆಂಗಸಿನ ಮುಖ ನೋಡಿ ಹೇಳುವುದಕ್ಕಿಂತ ಅದು ಸುಲಭವೆನಿಸಿತು. ಕಡೂರಿಗೆ ಹೋಗಿ, ಬಸ್ಸು ಬದಲಿಸಿ, ಬೀರೂರಿನ ಮೇಲೆ ಅಜ್ಜಂಪುರ ಮುಟ್ಟಿ ಓಂಕಾರಮೂರ್ತಿಗಳ ಮನೆಯಲ್ಲಿ ಕೂತು, "ಇನ್ನೊಂದು ಇದೆ, ಹಾಕ್ಕೊಳ್ಳಿ" ಎಂದರು. ಓಂಕಾರಮೂರ್ತಿ ಉತ್ಸಾಹದಿಂದ ಒತ್ತಿದರು. ಎರಡು ಪ್ರಶ್ನೆಯ ತನಕ ಬರುವಷ್ಟರಲ್ಲಿ ಅವರ ಬೆರಳು ಮತ್ತೆ ಒತ್ತಿತು. ಮೊಬೈಲ್ ನಿಂತಿತು. ಉಳಿದದ್ದನ್ನು ಅವರು ಬರಿಯ ಕಿವಿಯಲ್ಲಿ ಕೇಳಿದರು.

"ಇದನ್ನ ಎಲ್ಲಿಗೆ ಸೇರಿಸ್ಲಿ ಬೀರಪ್ಪಣ್ಣ?" ಎಂದು ಸವಾಲು, ಸಾಹಸ, ಸಂದೇಶ ಎಂದು ಮೂರು ಭಾಗ ಮಾಡಿದ್ದ ಹಾಳೆ ತೋರಿಸಿದರು. "ಸವಾಲು ಇದೆ ಅನ್ನೋಣ. ಯುವಜನರಿಗೆ ಸಂದೇಶ ಏನು?"

"ಸಂದೇಶ ಇಲ್ಲ. ನಾನು ಸುಳ್ಳು ಬರೆದೆ. ಅಷ್ಟೇ."

"ಫ್ಲೆಕ್ಸು ಪ್ರಿಂಟಾಗಿದೆ. ಅದು ಹೋಗ್ಲಿ. ಆಯಮ್ಮನ್ನ ಯೋಚ್ನೆ ಮಾಡಿ. ಗಂಡ ಹೋದ, ಹೆಸರು ಉಳೀತು. ಆ ಹೆಸರನ್ನೂ ಕಿತ್ಕೊಳ್ತೀರಾ? ನಿಮ್ಮ ಮನಸ್ಸು ಹಗುರ ಆಗ್ಲಿ ಅಂತ?"

ಈ ಮಾತು ಬೀರಪ್ಪನವರಿಗೆ ನಾಟಿತು. ನಾಟಿದ್ದಷ್ಟೇ ಅಲ್ಲ, ಒಂದು ಬಗೆಯಲ್ಲಿ ಹಿತವಾಯಿತು. ಇಷ್ಟು ದಿನ ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದವರಿಗೆ ಈಗ ಕರುಣೆಯಿಂದ ಬಾಯಿ ಮುಚ್ಚಿಕೊಳ್ಳುವ ಅವಕಾಶ ಸಿಕ್ಕಿತ್ತು. ಎದ್ದು ಹೊರಟರು.

ಬಾಗಿಲ ತನಕ ಬಂದ ಓಂಕಾರಮೂರ್ತಿ, "ನಂದೂ ಒಂದಿದೆ" ಎಂದರು. "ಚೀಟಿ ಇಲ್ಲ ಅಂತ ಒಬ್ಬ ಹುಡುಗನಿಗೆ ಕಂಬಳಿ ಕೊಟ್ಟಿರ್ಲಿಲ್ಲ. ಹಿಮ ಬೀಳ್ತಿತ್ತು."

"ಆಮೇಲೆ?"

"ಆಮೇಲೆ ಏನಿಲ್ಲ. ನಿಮಗೆ ಮೂರೂವರೆ ಬಸ್ಸು ತಪ್ಪೋಗುತ್ತೆ, ಹೊರಡಿ."

ಕಾರ್ಯಕ್ರಮದ ದಿನ ಬೀರಪ್ಪನವರು ಬೂಟು ಹಾಕಿಕೊಂಡು ಅಜ್ಜಂಪುರದ ಸಮುದಾಯ ಭವನಕ್ಕೆ ಒಂದು ಗಂಟೆ ಮೊದಲೇ ಹೋದರು. ಬಾಗಿಲಲ್ಲಿ ಫ್ಲೆಕ್ಸು. ಅದರಲ್ಲಿ ವಿಶ್ವಾರಾಧ್ಯನ ಫೋಟೋ, ಕೆಳಗೆ ಕೆಂಪು ಅಕ್ಷರದಲ್ಲಿ 'ಆದೇಶಕ್ಕೂ ಕಾಯದ ವೀರ'. ಹಿಂದುಗಡೆ ಉಪ್ಪಿಟ್ಟು, ಕೇಸರಿಬಾತು ಕೊಡುತ್ತಿದ್ದರು. ತಿಂದು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದರೆ ಅಲ್ಲಿ ಸುಮನಾ ನಿಂತಿದ್ದಳು.

ವಿಶ್ವಾರಾಧ್ಯನ ಹೆಂಡತಿ. ಗಂಡ ಹೋದ ಮೇಲೆ ಅನುಕಂಪದ ಆಧಾರದಲ್ಲಿ ತರೀಕೆರೆಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಅತ್ತೆಯ ಜೊತೆ ಲಿಂಗದಹಳ್ಳಿಯಲ್ಲೇ ಇದ್ದುಕೊಂಡು ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಈಗ ನಲವತ್ತರ ಹತ್ತಿರ.

"ಚೆನ್ನಾಗಿದೀರಾ ಅಣ್ಣ?" ಎಂದಳು.

"ಹೂಂ ಕಣಮ್ಮ. ಅತ್ತೆ ಬರ್ಲಿಲ್ವಾ?"

"ಅವರು ಬರಲ್ಲ. ನನಗೂ ಇಷ್ಟ ಇರ್ಲಿಲ್ಲ. ಕರೆದಾಗ ಬರದಿದ್ರೆ ಸೊಕ್ಕು ಅಂತಾರೆ, ಬಂದ್ರೆ ಆ ಬೋರ್ಡ್ ಓದ್ಬೇಕು." ನಲ್ಲಿ ತಿರುಗಿಸಿ ಕೈ ತೊಳೆದಳು. ನೀರು ನಿಲ್ಲಿಸಲಿಲ್ಲ. "ಹನ್ನೆರಡು ವರ್ಷದಿಂದ ಎಲ್ರೂ ಇದನ್ನೇ ಹೊಗಳ್ತಾರೆ ಅಣ್ಣ. ಕಾಯ್ಲಿಲ್ಲ, ಕಾಯ್ಲಿಲ್ಲ ಅಂತ. ಯಾಕೆ ಕಾಯ್ಬಾರ್ದಾಗಿತ್ತು? ನಾನಿದ್ದೆ, ಅವ್ರಮ್ಮ ಇದ್ರು. ಐದು ನಿಮಿಷ ಕಾದಿದ್ರೆ ಏನು ಗಂಟು ಹೋಗ್ತಿತ್ತು? ನಮ್ಮನ್ನ ಒಂಚೂರೂ ನೆನಸ್ಕೊಳ್ದೆ ಹಾರ್ಬಿಟ್ರಲ್ಲ. ಫೋಟೋಗೆ ದಿನಾ ಹೂ ಇಡ್ತೀನಿ, ದಿನಾ ಬೈತೀನಿ. ಯಾರಿಗೂ ಹೇಳೋ ಹಂಗಿಲ್ಲ. ವೀರನ್ನ ಬೈಯೋಕಾಗುತ್ತಾ?"

ಯಾವುದನ್ನು ಕಿತ್ತುಕೊಳ್ಳಬಾರದೆಂದು ಬೀರಪ್ಪನವರು ಅಂದುಕೊಂಡಿದ್ದರೋ ಅದು ಈ ಹೆಂಗಸಿನ ಹತ್ತಿರ ಮೊದಲಿಂದಲೂ ಇರಲೇ ಇಲ್ಲ. ಫ್ಲೆಕ್ಸು ಬರೆಸಿದವರ ಹತ್ತಿರ ಇತ್ತು, ಭಾಷಣ ಮಾಡಿದವರ ಹತ್ತಿರ ಇತ್ತು. ಇವಳ ಪಾಲಿಗೆ ಬಂದದ್ದು ಸತ್ತವನ ಮೇಲಿನ ಸಿಟ್ಟೊಂದೇ. ಅದನ್ನು ಅವಳಿಗೆ ಕೊಟ್ಟವರು ತಾವು.

"ಅವನು ಕಾದ ಕಣಮ್ಮ" ಎಂದರು.

ಸುಮನಾ ತಿರುಗಿದಳು.

"ಹಾರ್ಲಿಲ್ಲ. ಸ್ವಲ್ಪ ಕಾಯೋಣ್ವಾ ಅಂತ ಕೇಳಿದ. ಆಮೇಲೆ ಇಳೀಲಾ ಅಂತ ಇನ್ನೊಂದ್ಸಲ ಕೇಳಿದ. ನಾನು ಲಾಟೀನು ನೋಡ್ಕೊಂಡು ಇಳಿ ಅಂದೆ. ಹೊಗೆ ವಾಸನೆ ಅವನಿಗೆ ಬಂದಿತ್ತು, ನನಗೂ ಬಂದಿತ್ತು. ಅವನು ಆದೇಶದ ಮೇಲೇ ಇಳಿದ. ಕಾಯ್ಲಿಲ್ಲ ಅಂತ ವರದಿ ಬರೆದೋನು ನಾನು."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಯಾರೋ ಬಂದು, "ಅಕ್ಕ, ನೀರು ನಿಲ್ಸಿ, ಟ್ಯಾಂಕಲ್ಲಿ ಅಷ್ಟೇ ಇರೋದು" ಎಂದು ತಾವೇ ನಿಲ್ಲಿಸಿ ಹೋದರು.

ಸುಮನಾ ಕೂಗಾಡುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದರು ಬೀರಪ್ಪನವರು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒಂದೊಂದೇ ಬೆರಳು.

"ಹನ್ನೆರಡು ವರ್ಷ ಸತ್ತೋರ ಮೇಲೆ ಸಿಟ್ಟು ಮಾಡ್ಕೊಂಡು ಸಾಕಾಗಿತ್ತು" ಎಂದಳು. "ತಿರುಗಿ ಒಂದು ಮಾತು ಆಡಲ್ವಲ್ಲ ಅವರು. ಇನ್ಮೇಲೆ ನಿಮ್ಮ ಮೇಲೆ ಮಾಡ್ತೀನಿ. ನೀವು ಬದುಕಿದೀರಿ."

"ಮಾಡಮ್ಮ."

"ನೀವು ಮಾಡು ಅನ್ನೋದೇನೂ ಬೇಡ. ಮೈಕಲ್ಲಿ ಹೇಳಿ ಇದನ್ನ. ನೀವೇ ತಾನೇ ಮಾತಾಡೋದು?"

ಬೀರಪ್ಪನವರು ವೇದಿಕೆ ಹತ್ತಿದರು. ನೂರೈವತ್ತು ಜನ ಇದ್ದರು. ಓಂಕಾರಮೂರ್ತಿಗಳು ನಾಲ್ಕು ನಿಮಿಷ ಎಂದು ಬೆರಳು ತೋರಿಸಿದರು. ಬೀರಪ್ಪನವರು ಸುತ್ತಿ ಬಳಸದೆ ಹೇಳಿದರು. ವಿಶ್ವಾರಾಧ್ಯ ಹಾರಲಿಲ್ಲ, ನಾನು ಇಳಿಸಿದೆ. ಅವನು ಎರಡು ಸಲ ಕೇಳಿದ, ನಾನು ಎರಡು ಸಲವೂ ತಪ್ಪು ಹೇಳಿದೆ. ವರದಿಯಲ್ಲಿರುವುದು ಸುಳ್ಳು. ಹೊರಗಿನ ಫ್ಲೆಕ್ಸಿನಲ್ಲಿರುವುದೂ ಸುಳ್ಳು.

ಬೀರಪ್ಪನವರು ಕಣ್ಣು ಮುಚ್ಚಿ ನಿಂತರು. ಯಾರಾದರೂ ಎದ್ದು ಬಯ್ಯಲಿ, ಕುರ್ಚಿ ಎಸೆಯಲಿ ಎಂದು ಕಾದರು.

ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ ಬಿತ್ತು. ಆಮೇಲೆ ಭವನ ತುಂಬ ಚಪ್ಪಾಳೆ. ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಮೇಷ್ಟ್ರು ಸೋಮಶೇಖರಪ್ಪನವರು ಕಣ್ಣೊರೆಸಿಕೊಂಡು ಮೈಕಿಗೆ ಬಂದರು. "ನೋಡಿ, ಇದು ದೊಡ್ಡತನ! ಕೈಕೆಳಗಿನವನ ಸಾವಿನ ಹೊಣೆಯನ್ನು ತಾನೇ ಹೊತ್ತುಕೊಳ್ಳುವ ಇಂಥ ನಾಯಕರು ಈಗ ಎಲ್ಲಿದ್ದಾರೆ? ಶಿಷ್ಯ ಆದೇಶಕ್ಕೂ ಕಾಯದ ವೀರ, ಗುರು ತಪ್ಪನ್ನೂ ತನ್ನದೆನ್ನುವ ಧೀರ!" ಎಂದರು.

"ಅಯ್ಯೋ, ಅದಲ್ಲ ಸ್ವಾಮಿ, ನಿಜವಾಗ್ಲೂ..." ಎಂದು ಬೀರಪ್ಪನವರು ಮೈಕಿಗೆ ಕೈ ಚಾಚಿದರು. ಆ ಕೈಗೆ ಹಣ್ಣಿನ ಬುಟ್ಟಿ ಬಂತು. ಹೆಗಲಿಗೆ ಶಾಲು ಬಂತು. ತಲೆಗೆ ಮೈಸೂರು ಪೇಟ ಬಂತು. ಸನ್ಮಾನ ಅವರಿಗೆ ಇರಲಿಲ್ಲ, ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಸಮಿತಿಯವರು ಮುಂದಿನ ಅತಿಥಿಯ ಶಾಲನ್ನೇ ತೆಗೆದು ಹೊದಿಸಿದ್ದರು. ಪೇಟ ಕಣ್ಣಿನ ಮೇಲೆ ಜಾರಿದ್ದರಿಂದ ಅವರಿಗೆ ಸಭೆಯ ಅರ್ಧ ಮಾತ್ರ ಕಾಣುತ್ತಿತ್ತು. ಆ ಅರ್ಧದಲ್ಲಿ ಚಪ್ಪಾಳೆ ತಟ್ಟದೆ ಕೂತಿದ್ದವಳು ಸುಮನಾ ಒಬ್ಬಳೇ.

ಕಾರ್ಯಕ್ರಮ ಮುಗಿದ ಮೇಲೆ ಅವಳು ಹತ್ತಿರ ಬಂದಳು. ಬೀರಪ್ಪನವರು ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ನಾನು ಹೇಳ್ದೆ ಕಣಮ್ಮ. ಯಾರೂ ಕೇಳಿಸ್ಕೊಳ್ಲಿಲ್ಲ."

"ನೋಡಿದೆ. ಭಾನುವಾರ ಲಿಂಗದಹಳ್ಳಿಗೆ ಬನ್ನಿ. ಅತ್ತೆಗೆ ಹೇಳಿ. ಅವರು ಚಪ್ಪಾಳೆ ತಟ್ಟಲ್ಲ" ಎಂದು ಬಸ್ಸಿಗೆ ಹೊರಟಳು.

ಭಾನುವಾರ ಬೀರಪ್ಪನವರು ಬೂಟು ಹಾಕಲಿಲ್ಲ. ಬೀರೂರಿನಲ್ಲಿ ಬಸ್ಸು ಬದಲಿಸಿ, ಲಿಂಗದಹಳ್ಳಿಯಲ್ಲಿ ಇಳಿದು, ಕೇಳಿಕೊಂಡು ಹೋದರು. ರಸ್ತೆ ಬದಿಯ ಶೀಟಿನ ಮನೆ. ವಿಶ್ವಾರಾಧ್ಯನ ತಾಯಿ ವಿಮಲಮ್ಮ ಬಾಗಿಲ ಹತ್ತಿರ ಬೆಳಕಿಗೆ ಕೂತು ಬತ್ತಿ ಹೊಸೆಯುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ. ಸುಮನಾ ಒಳಗಿನಿಂದ ಒಂದು ಕುರ್ಚಿ ತಂದು ಹಾಕಿ, ಬಾಗಿಲ ಹಿಂದೆ ಹೋಗಿ ನಿಂತಳು. ಬೀರಪ್ಪನವರು ಕುರ್ಚಿಯಲ್ಲಿ ಕೂರದೆ ಹೊಸ್ತಿಲ ಪಕ್ಕ ನೆಲದ ಮೇಲೆ ಕೂತರು.

"ಇವಳು ಅಷ್ಟಿಷ್ಟು ಹೇಳಿದಾಳೆ. ನೀನು ಹೇಳಪ್ಪಾ" ಎಂದರು ವಿಮಲಮ್ಮ.

ಹೇಳಿದರು. ಯಾವ ನಿಮಿಷವೂ ಎಣಿಸಲಿಲ್ಲ. ಗಾಡಿ ಹೊರಟದ್ದು, ಹೊಲದ ಬದುವಿನ ಮೇಲೆ ಓಡಿದ್ದು, ಹಗ್ಗ, ಹೊಗೆ, ಎರಡು ಪ್ರಶ್ನೆ, ತಮ್ಮ ಎರಡು ಉತ್ತರ, ಸಂಜೆಯ ವರದಿ. ಮುದುಕಿಯ ಕೈಯಲ್ಲಿ ಹತ್ತಿ ಹಾಗೇ ಉಳಿಯಿತು.

"ಎರಡು ಸಲ ಕೇಳಿದ್ನಾ?"

"ಎರಡು ಸಲ ಕಣಮ್ಮ."

"ಅವನು ಹಂಗೇ. ಅಂಗಡಿಗೆ ಕಳ್ಸಿದ್ರೂ ಬೀದಿ ತನಕ ಹೋಗಿ ತಿರುಗಿ ಬಂದು ಕೇಳೋನು, ಬೆಲ್ಲ ಅಚ್ಚಾ ಪುಡೀನಾ ಅಂತ. ಹಾರಿದ ಅಂದಾಗ ನಾನು ನಂಬಿರ್ಲಿಲ್ಲ. ಆದ್ರೆ ಅಷ್ಟು ಜನ ಹೇಳ್ತಿದ್ರಲ್ಲ. ನನ್ನ ಮಗ ನನಗೇ ಗೊತ್ತಿಲ್ದೆ ಬೇರೆ ಆಗ್ಬಿಟ್ಟಿದ್ನೇನೋ ಅಂದ್ಕೊಂಡೆ." ವಿಮಲಮ್ಮ ಕೈಯಲ್ಲಿದ್ದ ಹತ್ತಿಯನ್ನು ಮಡಿಲಿಗೆ ಹಾಕಿಕೊಂಡರು. ಆಮೇಲೆ ಕೇಳಿದರು, "ಅವತ್ತು ಬೆಳಿಗ್ಗೆ ತಿಂಡಿ ತಿಂದಿದ್ನಾ?"

ಬೀರಪ್ಪನವರು ಬಾಯಿ ತೆರೆದರು. ಹನ್ನೆರಡು ವರ್ಷ ಆ ದಿನವನ್ನು ಒಳಗೊಳಗೇ ಸಾವಿರ ಸಲ ತಿರುವಿ ಹಾಕಿದ್ದರು. ಈ ಒಂದು ಮಾತು ಮಾತ್ರ ಎಂದೂ ಎದುರಾಗಿರಲಿಲ್ಲ. ಠಾಣೆಯ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಜೊತೆಗೆ ಕೂತು ಬಿಸಿ ಬಿಸಿ ದೋಸೆ ತಿಂದಿದ್ದೆವು, ಇನ್ನೊಂದು ಹಾಕಿಸಿಕೊಂಡ, ಹೊಟ್ಟೆ ತುಂಬ ತಿಂದೇ ಬಂದಿದ್ದ ಎಂದು ಹೇಳುವುದು ಅವರಿಗೆ ಎಷ್ಟರ ಕೆಲಸ? ಮಾತು ನಾಲಿಗೆಯ ತುದಿಗೇ ಬಂದಿತ್ತು. ಮುದುಕಿ ಅದಕ್ಕಾಗಿಯೇ ಕಾಯುತ್ತಿದ್ದಂತೆಯೂ ಇತ್ತು.

"ಗೊತ್ತಿಲ್ಲ ಕಣಮ್ಮ" ಎಂದರು. "ನೆನಪಿಲ್ಲ. ನಾನು ನೋಡ್ಲಿಲ್ಲ."

ವಿಮಲಮ್ಮ ಅವರನ್ನೇ ದಿಟ್ಟಿಸಿದರು. ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತಿದ್ದ ಸುಮನಾ ಈಚೆ ಬಂದು ಅತ್ತೆಯ ಪಕ್ಕ ಕೂತಳು.

"ಹಂಗಾದ್ರೆ ಮಿಕ್ಕಿದ್ದೆಲ್ಲ ನಿಜ" ಎಂದರು ವಿಮಲಮ್ಮ. ಮಡಿಲಲ್ಲಿದ್ದ ಹತ್ತಿಯನ್ನು ಪಕ್ಕಕ್ಕೆ ಇಟ್ಟು, ಗೋಡೆಗೆ ಒರಗಿ, ಕಾಲು ನೀಡಿಕೊಂಡರು. "ಮೊದಲಿಂದ ಇನ್ನೊಂದ್ಸಲ ಹೇಳು. ನಿಧಾನಕ್ಕೆ ಹೇಳು."